ಸ್ಟಾರ್ ರೆಲ್ಮ್ಸ್ ಕಲಿಯುವವರಿಗೆ: ಎಲೆ ಕೊಳ್ಳುವ, ಎಲೆ ಕಳೆಯುವ ಲೆಕ್ಕ

ಹೋದ ಮಳೆಗಾಲದಲ್ಲಿ ಊರಿಗೆ ಹೋದವನು ಮೂರು ದಿನ ಅಲ್ಲೇ ಸಿಕ್ಕಿಬಿದ್ದೆ. ತೀರ್ಥಹಳ್ಳಿ ದಾಟಿ ಆಗುಂಬೆ ದಿಕ್ಕಿಗೆ ನಮ್ಮ ಮನೆ. ಎಲ್ಲೋ ಮರ ಬಿದ್ದು ಲೈನು ಹರಿದಿತ್ತು, ಕರೆಂಟಿಲ್ಲ, ಟಿವಿಯಿಲ್ಲ. ಭಾವ ಕಾರಿನಲ್ಲಿ ಚಾರ್ಜ್ ಮಾಡಿಕೊಂಡು ಬಂದ ಫೋನನ್ನು ಜಗಲಿಯ ಮೇಲೆ ಆಚೆ ಈಚೆ ದಾಟಿಸುತ್ತಾ ಇಬ್ಬರೂ ಸ್ಟಾರ್ ರೆಲ್ಮ್ಸ್ ಎಂಬ ಕಾರ್ಡಿನ ಆಟ ಆಡಿದೆವು. ನಾನು ಶಿವಮೊಗ್ಗದ ರೂಮಿನಲ್ಲಿ ಆರು ತಿಂಗಳಿಂದ ಆಡಿಕೊಂಡಿದ್ದವನು. ಭಾವ ಕಲಿತು ಎರಡು ವಾರ. ಮೊದಲ ನಾಲ್ಕಕ್ಕೆ ನಾಲ್ಕೂ ಆಟ ಸೋತೆ. ನಾಲ್ಕನೆಯದು ಮುಗಿದಾಗ ನನ್ನ ಕಟ್ಟಿನಲ್ಲಿ 31 ಎಲೆ (ಕಾರ್ಡು) ಇದ್ದವು, ಅವನದ್ದರಲ್ಲಿ 14.

"ಎಂತ ಮಾರಾಯ, ಹಸ, ಬೆಟ್ಟೆ, ಗೊರಬಲು ಎಲ್ಲ ಒಂದೇ ಚೀಲಕ್ಕೆ ತುಂಬಿದೀಯಲ್ಲ. ಮಂಡಿಯಲ್ಲಿ ಇದಕ್ಕೆ ಎಂತ ರೇಟು ಸಿಗ್ತದೆ?" ಅಂದ.

ಹಾಗೆ ದರ್ಜೆ ಪ್ರಕಾರ ಅಡಿಕೆ ವಿಂಗಡಿಸುವವನ ಕಣ್ಣಿಗೆ ಎರಡು ವಾರದಲ್ಲಿ ಕಂಡದ್ದು ನನಗೆ ಆರು ತಿಂಗಳಾದರೂ ಕಂಡಿರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇಸ್ಪೀಟು ಕಲೆಸಲು ಬಂದರೆ ಸಾಕು, ಬೇರೆ ಪೂರ್ವಜ್ಞಾನ ಬೇಡ.

ಆಟದ ಹಿನ್ನೆಲೆ, ಖರ್ಚಿನ ಮಾತು

ಕಾರ್ಡ್ ಸಂಗ್ರಹಿಸಿ ಆಡುವ ಆಟಗಳಿಗೆಲ್ಲ ಮೂಲ 1993ರ ಮ್ಯಾಜಿಕ್: ದ ಗ್ಯಾದರಿಂಗ್. ಅಲ್ಲಿ ಮುಚ್ಚಿದ ಪೊಟ್ಟಣ ಕೊಳ್ಳಬೇಕು, ಒಳಗೆ ಯಾವ ಕಾರ್ಡು ಬರುತ್ತದೋ ಅದೃಷ್ಟ. ಜೇಬು ದಪ್ಪವಿದ್ದವನ ಕಟ್ಟೂ ಬಲವಾಗುತ್ತದೆ. 2008ರಲ್ಲಿ ಡೊಮಿನಿಯನ್ ಬಂದು ಇದನ್ನು ತಿರುಗಿಸಿಹಾಕಿತು. ಎಲ್ಲರೂ ಒಂದೇ ರೀತಿಯ ಪುಟ್ಟ ಕಟ್ಟಿನಿಂದ ಶುರುಮಾಡಿ, ಆಟದ ನಡುವೆಯೇ ಕಾರ್ಡು ಕೊಂಡು ಕಟ್ಟು ಬೆಳೆಸುವುದು. ಈ ಪದ್ಧತಿಗೆ ಬಾಹ್ಯಾಕಾಶ ಯುದ್ಧವನ್ನೂ ನೇರ ಹೊಡೆದಾಟವನ್ನೂ ಸೇರಿಸಿ 2014ರಲ್ಲಿ ಬಂದದ್ದು ಸ್ಟಾರ್ ರೆಲ್ಮ್ಸ್. ಇದನ್ನು ಮಾಡಿದ ಡಾರ್ವಿನ್ ಕ್ಯಾಸಲ್ ಮತ್ತು ರಾಬ್ ಡೊಹರ್ಟಿ ಇಬ್ಬರೂ ಮ್ಯಾಜಿಕ್‌ನ ವೃತ್ತಿಪರ ಆಟಗಾರರೇ. 2005ರಲ್ಲಿ ಒಬ್ಬರು, 2006ರಲ್ಲಿ ಇನ್ನೊಬ್ಬರು ಅದರ ಹಾಲ್ ಆಫ್ ಫೇಮ್ ಸೇರಿದವರು.

ಆಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಸಿಗುತ್ತದೆ. ಇಳಿಸಿಕೊಳ್ಳಲು ದುಡ್ಡು ಬೇಡ, ಯಂತ್ರದ ಎದುರು ಆಡಿ ಕಲಿಯಬಹುದು. ಆನ್‌ಲೈನ್‌ನಲ್ಲಿ ಮನುಷ್ಯರೊಡನೆ ಆಡಲು, ಅಥವಾ ನಮ್ಮ ಹಾಗೆ ಒಂದೇ ಫೋನಿನಲ್ಲಿ ಇಬ್ಬರು ಆಡಲು, ಪೂರ್ತಿ ಆವೃತ್ತಿ ಕೊಳ್ಳಬೇಕು. ಅಷ್ಟು ಕೊಂಡರೆ ಸಾಕು. ಕಾಲನಿ ವಾರ್ಸ್, ಗ್ಯಾಂಬಿಟ್ ಅಂತೆಲ್ಲ ಹೆಚ್ಚುವರಿ ಕಾರ್ಡುಗಳ ಕಂತುಗಳಿವೆ. ಮೊದಲ ಐವತ್ತು ಆಟ ಮುಗಿಯುವವರೆಗೆ ಅತ್ತ ನೋಡಬೇಡಿ. ನಮ್ಮಮ್ಮ ಫೋನಿನಲ್ಲಿ ಎಲೆ ಕಂಡ ಕೂಡಲೇ "ರಮ್ಮಿಯೇನೋ?" ಅಂತ ಗಾಬರಿಯಾಗಿದ್ದರು. ಅಲ್ಲ. ಇದರಲ್ಲಿ ಪಣವಿಲ್ಲ; 2025ರಲ್ಲಿ ಕೇಂದ್ರದ ಕಾನೂನು ನಿಷೇಧಿಸಿದ್ದು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು.

ಮಲೆನಾಡಿನವರಿಗೆ ಇನ್ನೊಂದು ಅನುಕೂಲವಿದೆ. ಆನ್‌ಲೈನ್ ಆಟವನ್ನು ನಿಧಾನಗತಿಯಲ್ಲೂ ಆಡಬಹುದು. ನಿಮ್ಮ ಸರದಿ ಮುಗಿಸಿ ಕಳಿಸಿದರಾಯಿತು, ಎದುರಿನವರು ಬಿಡುವಾದಾಗ ಆಡುತ್ತಾರೆ. ನಮ್ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದಾಚೆ ಬಾವಿಕಟ್ಟೆಯ ಪಕ್ಕ ಮಾತ್ರ. ಭಾವ ಬೆಳಿಗ್ಗೆ ನೀರು ಸೇದಲು ಹೋದಾಗೊಂದು ಸರದಿ, ಸಂಜೆ ಹೋದಾಗೊಂದು ಸರದಿ ಆಡುತ್ತಾನೆ. ಒಂದು ಆಟ ವಾರ ಹಿಡಿಯುತ್ತದೆ, ಪರವಾಗಿಲ್ಲ.

ಹಾಸಿನ ಮೇಲೆ ಏನೇನಿದೆ

ಇಬ್ಬರಿಗೂ 50 ಅಥಾರಿಟಿ. ಅದೇ ಪ್ರಾಣ, ಸೊನ್ನೆಯಾದರೆ ಸೋಲು. ಇಬ್ಬರಿಗೂ 10 ಎಲೆಯ ಕಟ್ಟು: 8 ಸ್ಕೌಟ್, 2 ವೈಪರ್. ಸ್ಕೌಟ್ ಇಳಿಸಿದರೆ 1 ಟ್ರೇಡ್, ಅಂದರೆ ಕೈಗೆ ಒಂದು ಕಾಸು. ವೈಪರ್ ಇಳಿಸಿದರೆ 1 ಕಾಂಬ್ಯಾಟ್, ಅಂದರೆ ಒಂದು ಏಟು.

ನಡುವೆ ಅಂಗಡಿಸಾಲು. 80 ಎಲೆಗಳ ಸಾಮಾನ್ಯ ಕಟ್ಟಿನಿಂದ 5 ಎಲೆ ತೆರೆದಿಟ್ಟಿರುತ್ತಾರೆ. ಇವುಗಳಲ್ಲಿ ಎರಡು ಬಗೆ: ಹಡಗು, ಮತ್ತು ಠಾಣೆ ಅಂದರೆ ಬೇಸ್. ಒಂದನ್ನು ಕೊಂಡ ತಕ್ಷಣ ಆ ಜಾಗಕ್ಕೆ ಹೊಸದು ಬರುತ್ತದೆ. ಪಕ್ಕದಲ್ಲಿ ಎಕ್ಸ್‌ಪ್ಲೋರರ್ ಗುಡ್ಡೆ. ಬೆಲೆ 2, ಯಾವಾಗಲೂ ಸಿಗುತ್ತದೆ, ಇಳಿಸಿದರೆ 2 ಟ್ರೇಡ್.

ನಿಮ್ಮ ಸರದಿಯಲ್ಲಿ ಕೈಯಲ್ಲಿರುವ 5 ಎಲೆ ಇಳಿಸುತ್ತೀರಿ. ಬಂದ ಟ್ರೇಡಿನಿಂದ ಕೊಳ್ಳುತ್ತೀರಿ, ಬಂದ ಕಾಂಬ್ಯಾಟಿನಿಂದ ಹೊಡೆಯುತ್ತೀರಿ. ಉಳಿದದ್ದು ಮುಂದಿನ ಸರದಿಗೆ ಬರುವುದಿಲ್ಲ. ಆಡಿದ ಹಡಗು, ಕೊಂಡದ್ದು ಎಲ್ಲ ನಿಮ್ಮ 'ಬಿಟ್ಟ ಗುಡ್ಡೆ'ಗೆ ಹೋಗುತ್ತದೆ. ಮತ್ತೆ 5 ಎಲೆ ಎತ್ತಿಕೊಳ್ಳುತ್ತೀರಿ. ಕಟ್ಟು ಮುಗಿದಾಗ ಬಿಟ್ಟ ಗುಡ್ಡೆಯನ್ನು ಕಲೆಸಿದರೆ ಅದೇ ಹೊಸ ಕಟ್ಟು. ಈ ಸುತ್ತು ಮನಸ್ಸಿನಲ್ಲಿ ಕೂರಬೇಕು: ಇವತ್ತು ಕೊಂಡ ಎಲೆ ಕೈಗೆ ಬರುವುದು ಕಲೆಸಿದ ಮೇಲೆ, ಅದೂ ಉಳಿದ ಹೊಟ್ಟಿನ ನಡುವೆ.

ಮೊದಲ ಎರಡು ಸರದಿ

ಮೊದಲು ಆಡುವವರಿಗೆ ಶುರುವಿನಲ್ಲಿ 3 ಎಲೆ ಮಾತ್ರ, ಎರಡನೆಯವರಿಗೆ 5. ಮೊದಲಿಗರ ಅನುಕೂಲ ತಗ್ಗಿಸಲು ಹೀಗೆ ಮಾಡಿದ್ದಾರೆ.

ಎರಡನೆಯವರಾಗಿ ಆಡುವಾಗ ನಿಮ್ಮ 10 ಎಲೆ ಎರಡು ಸರದಿಗೆ ಐದೈದರಂತೆ ಸರಿಯಾಗಿ ಹಂಚಿಹೋಗುತ್ತವೆ. ಎರಡೂ ವೈಪರ್ ಎಲ್ಲಿ ಬೀಳುತ್ತವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದೊಂದು ಸರದಿಗೆ ಒಂದೊಂದು ಬಿದ್ದರೆ 4 ಟ್ರೇಡ್, ಮತ್ತೆ 4 ಟ್ರೇಡ್. ಎರಡೂ ಒಟ್ಟಿಗೆ ಬಿದ್ದರೆ ಒಂದು ಸರದಿಗೆ 5, ಇನ್ನೊಂದಕ್ಕೆ 3. ಸರಾಸರಿ 9 ಆಟದಲ್ಲಿ 5 ಸಲ ಮೊದಲಿನ ಥರ, 4 ಸಲ ಎರಡನೆಯ ಥರ. ಹಾಗಾಗಿ ಮೊದಲ ಸರದಿಯಲ್ಲಿ ಕೈ ನೋಡಿದ ಕೂಡಲೇ ಮುಂದಿನ ಸರದಿಯ ಕಾಸೂ ಗೊತ್ತಾಗಿಬಿಡುತ್ತದೆ. ಈಗ 3 ಇದ್ದರೆ ಮುಂದೆ 5 ಖಂಡಿತ. ಸಾಲಿನಲ್ಲಿ 5ರ ಬೆಲೆಯ ಒಳ್ಳೆ ಹಡಗಿದ್ದರೆ ಅದು ಎದುರಾಳಿಗೆ ಎಟಕುತ್ತದೆಯೇ ಎಂದು ನೋಡಿಕೊಂಡು ಕಾಯಬಹುದು.

ಮೊದಲಿಗರಾದರೆ ಮೂರೂ ಎಲೆ ಸ್ಕೌಟ್ ಆಗುವ ಸಾಧ್ಯತೆ ಸುಮಾರು 47%, ಎರಡು ಸ್ಕೌಟ್ ಆಗುವುದೂ ಅಷ್ಟೇ. ಅಂದರೆ 2 ಅಥವಾ 3 ಕಾಸಿನ ವ್ಯಾಪಾರ. 2 ಇದ್ದು ಸಾಲಿನಲ್ಲಿ ಹಿಡಿಸುವಂಥದ್ದು ಇಲ್ಲದಿದ್ದರೆ ಎಕ್ಸ್‌ಪ್ಲೋರರ್ ತೆಗೆದುಕೊಳ್ಳಿ, ನಾಚಿಕೆ ಬೇಡ.

ಈ ಹೊತ್ತಿಗೆ ನಾನು ಕಣ್ಣು ಮುಚ್ಚಿ ಕೊಳ್ಳುವುದು: ಟ್ರೇಡ್ ಬಾಟ್ (ಬೆಲೆ 1), ಕಟರ್ (2), ಟ್ರೇಡ್ ಪಾಡ್ (2), ಸಪ್ಲೈ ಬಾಟ್ (3), ಫ್ರೈಟರ್ (4), ಬ್ಯಾಟಲ್ ಮೆಕ್ (5). ಕಟರ್ ಒಂದೇ ಸಲಕ್ಕೆ 2 ಟ್ರೇಡ್, 4 ಅಥಾರಿಟಿ ಕೊಡುತ್ತದೆ. ಎರಡು ಕಾಸಿಗೆ ಅಷ್ಟು ಕೊಡುವ ಎಲೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲ ಸರದಿಯಲ್ಲೇ ರ‍್ಯಾಮ್‌ನಂಥ ಹೊಡೆಯುವ ಹಡಗು ಕೊಳ್ಳುವವರಿದ್ದಾರೆ. 50ರಲ್ಲಿ 5 ಕಳೆದು ಖುಷಿಪಡುವುದರೊಳಗೆ ಎದುರಿನವರ ಕೈಲಿ 8 ಕಾಸಿರುತ್ತದೆ.

ನಾಲ್ಕು ಬಣ್ಣ

ನೀಲಿ ಟ್ರೇಡ್ ಫೆಡರೇಷನ್: ಕಾಸು ಮತ್ತು ಪ್ರಾಣ. ಹಸಿರು ಬ್ಲಾಬ್: ಬರಿ ಹೊಡೆತ. ಹಳದಿ ಸ್ಟಾರ್ ಎಂಪೈರ್: ಎಲೆ ಎತ್ತಿಕೊಳ್ಳುವುದು, ಎದುರಾಳಿಯ ಕೈಯಿಂದ ಎಲೆ ಬಿಡಿಸುವುದು. ಕೆಂಪು ಮೆಷಿನ್ ಕಲ್ಟ್: ಕಟ್ಟಿನಿಂದ ಎಲೆಯನ್ನು ಶಾಶ್ವತವಾಗಿ ಕಿತ್ತೆಸೆಯುವುದು.

ಬಣ್ಣ ಮುಖ್ಯವಾಗುವುದು ಜೋಡಿಬಲದಿಂದ. ಅದೇ ಬಣ್ಣದ ಇನ್ನೊಂದು ಎಲೆ ಹಾಸಿನ ಮೇಲಿದ್ದರೆ ಎಲೆಯ ಕೆಳಗೆ ಬರೆದ ಎರಡನೆಯ ಗುಣವೂ ಎಚ್ಚರಗೊಳ್ಳುತ್ತದೆ. ಒಂದು ಕೈ ಬಿಡಿಸಿ ತೋರಿಸುತ್ತೇನೆ. ಬ್ಲಾಬ್ ಫೈಟರ್, ರ‍್ಯಾಮ್, ಟ್ರೇಡ್ ಪಾಡ್, ಸ್ಕೌಟ್, ವೈಪರ್. ಮೊದಲ ಮೂರೂ ಹಸಿರು. ಫೈಟರ್ 3 ಏಟು. ಜೋಡಿಯಿರುವುದರಿಂದ ಒಂದು ಎಲೆ ಹೆಚ್ಚಿಗೆ ಎತ್ತಬಹುದು. ರ‍್ಯಾಮ್ 5, ಜೋಡಿಗೆ 2, ಒಟ್ಟು 7. ಟ್ರೇಡ್ ಪಾಡ್ 3 ಕಾಸು, ಜೋಡಿಗೆ 2 ಏಟು. ವೈಪರ್ 1, ಸ್ಕೌಟ್ 1 ಕಾಸು. ಎಲ್ಲ ಸೇರಿ 13 ಏಟು, 4 ಕಾಸು, ಮೇಲೊಂದು ಎಲೆ. ಸಾಲಿನಲ್ಲಿ 7ರ ಬೆಲೆಯ ಮದರ್‌ಶಿಪ್ ಇದೆಯೆನ್ನಿ. ರ‍್ಯಾಮನ್ನು ಸ್ಕ್ರ್ಯಾಪ್ ಮಾಡಿದರೆ, ಅಂದರೆ ಕಟ್ಟಿನಿಂದಲೇ ಎಸೆದರೆ, ಇನ್ನೂ 3 ಕಾಸು ಬರುತ್ತದೆ, ಅಲ್ಲಿಗೆ 7. ಆ ಮೂರು ಎಲೆ ಬೇರೆ ಬೇರೆ ಬಣ್ಣದ್ದಾಗಿ ಬಂದಿದ್ದರೆ 9 ಏಟು, 4 ಕಾಸು ಅಷ್ಟೇ, ಮೇಲಿನ ಎಲೆಯೂ ಇಲ್ಲ.

ಹಾಗಂತ ಒಂದೇ ಬಣ್ಣಕ್ಕೆ ಜೋತುಬೀಳಬೇಡಿ. ಸಾಲಿನಲ್ಲಿ ಏನು ಬರುತ್ತದೋ ಅದರ ಮೇಲೆ ಆಟ. ನೀವು ಹಸಿರಿಗೆ ಕಾದು ಕೂತರೆ ಸಾಲು ಹಳದಿಯಿಂದ ತುಂಬಿರುತ್ತದೆ. ಎರಡು ಬಣ್ಣ ಮುಖ್ಯ, ಮೂರನೆಯದರಿಂದ ಅಗ್ಗಕ್ಕೆ ಸಿಕ್ಕ ಒಳ್ಳೆಯದೊಂದೆರಡು. ಮೆಕ್ ವರ್ಲ್ಡ್ ಎಂಬ ಠಾಣೆ (ಬೆಲೆ 5) ಎಲ್ಲ ಬಣ್ಣಕ್ಕೂ ಜೋಡಿಯಾಗುತ್ತದೆ. ನಮ್ಮಲ್ಲಿ ಜೋಕರ್ ಇದ್ದ ಹಾಗೆ.

ಕಳೆಯುವುದು

ಭಾವ ಗೆದ್ದದ್ದು ಇಲ್ಲಿ. ಕೊಳ್ಳುವಾಗ ಸಿಗುವ ಸುಖ ಎಸೆಯುವಾಗ ಸಿಗುವುದಿಲ್ಲ, ಅದಕ್ಕೇ ಹೊಸಬರು ಇದನ್ನು ಕಡೆಗಣಿಸುತ್ತಾರೆ. ಲೆಕ್ಕ ನೋಡಿ. 10 ಎಲೆಯ ಮೇಲೆ 10 ಒಳ್ಳೆ ಎಲೆ ಕೊಂಡಿರಿ, ಏನನ್ನೂ ಎಸೆಯಲಿಲ್ಲ. ಕಟ್ಟು 20, ಪ್ರತಿ ಕೈಯಲ್ಲೂ ಸರಾಸರಿ ಎರಡೂವರೆ ಎಲೆ ಹಳೆ ಸ್ಕೌಟು, ವೈಪರು. ಒಂದು ಒಳ್ಳೆ ಎಲೆ ಮತ್ತೆ ಮುಖ ತೋರಿಸಲು ನಾಲ್ಕು ಸರದಿ. ಈಗ ಹಳೆಯವುಗಳಲ್ಲಿ 7 ಎಸೆದಿದ್ದೀರಿ ಅನ್ನಿ. ಕಟ್ಟು 13, ಕೈಯಲ್ಲಿ ಹೊಟ್ಟು ಒಂದು ಎಲೆ ಚಿಲ್ಲರೆ, ಎರಡೂವರೆ ಸರದಿಗೆ ಇಡೀ ಕಟ್ಟು ಒಮ್ಮೆ ಕೈಗೆ ಬರುತ್ತದೆ. ಎರಡೂ ಕಟ್ಟಿನಲ್ಲಿ ಕೊಂಡ ಸರಕು ಒಂದೇ. ವಿಂಗಡಣೆ ಬೇರೆ.

ಎಸೆಯುವ ಕೆಲಸ ಮಾಡುವುದು ಕೆಂಪಿನ ಎಲೆಗಳು. ಟ್ರೇಡ್ ಬಾಟ್, ಮಿಸೈಲ್ ಬಾಟ್, ಸಪ್ಲೈ ಬಾಟ್, ಬ್ಯಾಟಲ್ ಮೆಕ್ ಪ್ರತಿಯೊಂದೂ ಇಳಿಸಿದಾಗಲೆಲ್ಲ ಕೈಯಿಂದ ಅಥವಾ ಬಿಟ್ಟ ಗುಡ್ಡೆಯಿಂದ ಒಂದು ಎಲೆಯನ್ನು ಸ್ಕ್ರ್ಯಾಪ್ ಮಾಡಲು ಬಿಡುತ್ತದೆ. 1 ಕಾಸಿನ ಟ್ರೇಡ್ ಬಾಟ್ ಎರಡನೇ ಸರದಿಯೊಳಗೆ ಸಿಕ್ಕರೆ ಅದೊಂದು ವರ. ಅದೇ ಎಲೆ ಆಟದ ಕೊನೆಯಲ್ಲಿ ಸಿಕ್ಕರೆ ಅದೂ ಹೊಟ್ಟೇ.

ಎಲ್ಲಿಂದ ಎಸೆಯಬೇಕು? ಗುಡ್ಡೆಯಲ್ಲಿ ಹೊಟ್ಟಿದ್ದರೆ ಅಲ್ಲಿಂದಲೇ. ಕೈಯಲ್ಲಿರುವ ಸ್ಕೌಟನ್ನು ಇಳಿಸಿ ಅದರ ಕಾಸನ್ನೂ ತಿನ್ನಿ, ಗುಡ್ಡೆಯಲ್ಲಿರುವ ಇನ್ನೊಂದನ್ನು ಎಸೆಯಿರಿ. ಆದರೆ ಈಗಷ್ಟೇ ಕಲೆಸಿದ್ದರೆ ಗುಡ್ಡೆ ಖಾಲಿ. ಆಗ ಕೈಯಿಂದಲೇ ಎಸೆಯಬೇಕು, ಮತ್ತು ಇಳಿಸಿದ ಎಲೆ ಕೈಯಲ್ಲಿರುವುದಿಲ್ಲ! ಆದ್ದರಿಂದ ಬಾಟ್ ಮೊದಲು ಇಳಿಸಿ, ವೈಪರನ್ನು ಹಿಡಿದುಕೊಂಡಿರಿ. ಅವಸರಕ್ಕೆ ಐದೂ ಎಲೆ ಇಳಿಸಿ ಆಮೇಲೆ "ಎಸೆಯಲು ಏನೂ ಇಲ್ಲ" ಎಂದು ಫೋನು ಹೇಳಿದ ದಿನಗಳು ನನ್ನ ಲೆಕ್ಕದಲ್ಲಿ ಬಹಳ ಇವೆ.

ಯಾವುದನ್ನು ಮೊದಲು? ಶುರುವಿನಲ್ಲಿ ಕಾಸಿನ ಕಾಲ, ಹಾಗಾಗಿ ಎರಡು ವೈಪರ್ ಮೊದಲು ಹೋಗಲಿ. ಆಮೇಲೆ ಒಂದೊಂದಾಗಿ ಸ್ಕೌಟ್. ಕೈಗೆ ಸರಾಸರಿ 5 ಕಾಸು ಬರುವಷ್ಟು ನೀಲಿಯೋ ಎಕ್ಸ್‌ಪ್ಲೋರರೋ ಕೂಡುವವರೆಗೆ ಸ್ಕೌಟುಗಳನ್ನು ಪೂರ್ತಿ ಬೋಳಿಸಬೇಡಿ. ಎಕ್ಸ್‌ಪ್ಲೋರರ್‌ಗೆ ತನ್ನನ್ನು ತಾನೇ ಎಸೆದುಕೊಳ್ಳುವ ಗುಣವಿದೆ, ಎಸೆದರೆ 2 ಏಟು. ಕಾಸಿನ ಕಾಲ ಮುಗಿಯಿತೆಂದು ಅನ್ನಿಸಿದ ಸರದಿಯಿಂದ ಅವನ್ನು ಒಂದೊಂದೇ ಉರಿಸುತ್ತಾ ಬನ್ನಿ.

ಒಂದು ಎಚ್ಚರಿಕೆ: ತೆಳ್ಳಗಿನ ಕಟ್ಟಿಗೆ ಹಳದಿ ಶತ್ರು. ಇಂಪೀರಿಯಲ್ ಫೈಟರ್, ಇಂಪೀರಿಯಲ್ ಫ್ರಿಗೇಟ್ ನಿಮ್ಮ ಕೈಯಿಂದ ಎಲೆ ಬಿಡಿಸುತ್ತವೆ. ದಪ್ಪ ಕಟ್ಟಿನವರು ಒಂದು ಸ್ಕೌಟ್ ಬಿಟ್ಟು ನಗುತ್ತಾರೆ. ನಿಮ್ಮ ಕೈಯಲ್ಲಿ ಬಿಡಲು ಹೊಟ್ಟೇ ಇರುವುದಿಲ್ಲ. ಎದುರಿನವರು ಹಳದಿ ಕೂಡಿಸುತ್ತಿದ್ದರೆ ಎರಡು ಮೂರು ಸ್ಕೌಟ್ ಉಳಿಸಿಕೊಂಡದ್ದಕ್ಕೆ ನಾನು ಪಶ್ಚಾತ್ತಾಪ ಪಟ್ಟಿಲ್ಲ.

ಠಾಣೆಗಳು

ಹಡಗು ಆಡಿದ ಸರದಿಗೇ ಗುಡ್ಡೆ ಸೇರುತ್ತದೆ, ಬೇಸ್ ಮಾತ್ರ ಯಾರಾದರೂ ಒಡೆಯುವವರೆಗೆ ಹಾಸಿನ ಮೇಲೆ ನಿಂತು ಪ್ರತಿ ಸರದಿಗೂ ಫಲ ಕೊಡುತ್ತದೆ. ಅದರಲ್ಲಿ ಔಟ್‌ಪೋಸ್ಟ್ ಎಂಬ ಜಾತಿ ದಾರಿಗೆ ಅಡ್ಡ ಹಾಕುವ ದಣಪೆ ಇದ್ದ ಹಾಗೆ; ಅದನ್ನು ಸರಿಸದೆ ನಿಮ್ಮ ಪ್ರಾಣಕ್ಕಾಗಲೀ ಬೇರೆ ಬೇಸಿಗಾಗಲೀ ಕೈ ಹಾಕುವಂತಿಲ್ಲ. ಒಡೆಯುವುದಾದರೆ ಒಂದೇ ಸರದಿಯಲ್ಲಿ ಪೂರ್ತಿ ಒಡೆಯಬೇಕು. ಬ್ಯಾಟಲ್ ಸ್ಟೇಷನ್ನಿನ ಬಲ 5. ಎದುರಾಳಿಯ ಕೈಗೆ 4 ಏಟು ಬಂದಿದ್ದರೆ ನಾಲ್ಕೂ ನೀರಲ್ಲಿ ಹೋಮ. ಬೆಲೆ 3ಕ್ಕೆ ಸಿಗುವ ಈ ಠಾಣೆ ಆಟದ ಮೊದಲರ್ಧದಲ್ಲಿ ಒಂದಿಡೀ ಸರದಿಯ ಹೊಡೆತ ತಿಂದರೂ ಕೊಟ್ಟ ಕಾಸು ಹುಟ್ಟಿತು. ಒಡೆದ ಬೇಸ್ ಆಟದಿಂದಾಚೆ ಹೋಗುವುದಿಲ್ಲ, ನಿಮ್ಮ ಗುಡ್ಡೆಗೆ ಬಂದು ಮತ್ತೆ ಕೈಗೆ ಬರುತ್ತದೆ.

ಎದುರಾಳಿಯ ಬೇಸನ್ನು ಒಡೆಯಬೇಕೋ ಪ್ರಾಣಕ್ಕೆ ಹೊಡೆಯಬೇಕೋ ಎಂಬ ಗೊಂದಲ ಎಲ್ಲರಿಗೂ. ಔಟ್‌ಪೋಸ್ಟ್ ಅಲ್ಲದ ಬೇಸಾದರೆ ನಾನು ಕೇಳಿಕೊಳ್ಳುವುದು ಇಷ್ಟೆ: ಆಟ ಇನ್ನು ಮೂರು ಸರದಿಗಿಂತ ಹೆಚ್ಚು ಎಳೆಯುತ್ತದೆಯೇ? ಎಳೆಯುತ್ತದೆ ಅನ್ನಿಸಿದರೆ ಒಡೆಯುವುದು, ಇಲ್ಲವಾದರೆ ಪ್ರಾಣಕ್ಕೆ.

ಸಾಲು ಇಬ್ಬರದ್ದೂ

ನೀವು ಕೊಂಡ ಪ್ರತಿ ಎಲೆಯ ಜಾಗಕ್ಕೂ ಹೊಸ ಎಲೆ ತೆರೆಯುತ್ತದೆ, ನಿಮ್ಮಲ್ಲಿ ಕಾಸು ಉಳಿಯದಿದ್ದರೆ ಅದನ್ನು ಮೊದಲು ಕೊಳ್ಳುವ ಅವಕಾಶ ಎದುರಾಳಿಯದ್ದು. ಎರಡು ಎಲೆ ಕೊಳ್ಳುವುದಿದ್ದರೆ ಅಗ್ಗದ್ದನ್ನು ಮೊದಲು ಕೊಳ್ಳಿ. ತೆರೆದುಕೊಂಡದ್ದು ಇನ್ನೂ ಒಳ್ಳೆಯದಿದ್ದರೆ ಮನಸ್ಸು ಬದಲಿಸಲು ಕಾಸು ಉಳಿದಿರುತ್ತದೆ. ಎದುರಾಳಿ ಹಸಿರು ಕೂಡಿಸುತ್ತಿದ್ದು ಸಾಲಿನಲ್ಲಿ ಬ್ಲಾಬ್ ಡೆಸ್ಟ್ರಾಯರ್ ಇದ್ದರೆ, ನಿಮಗೆ ಬೇಡವಾದರೂ ಕೊಳ್ಳಬೇಕಾದ ಸಂದರ್ಭ ಬರುತ್ತದೆ. ಬ್ಯಾಟಲ್ ಪಾಡ್ ಇದ್ದರೆ ಕೊಳ್ಳದೆಯೇ ಸಾಲಿನಿಂದ ಎತ್ತಿ ಎಸೆಯಬಹುದು.

ಎಷ್ಟು ಕಾಲ ಕೊಳ್ಳುತ್ತಿರಬೇಕು? ಇಬ್ಬರಲ್ಲಿ ಒಬ್ಬರ ಅಥಾರಿಟಿ 20ರ ಕೆಳಗೆ ಬಂದ ಮೇಲೆ ಕಾಸಿನ ಎಲೆ ಕೊಳ್ಳುವುದು ನಿಲ್ಲಿಸುತ್ತೇನೆ. ಆಮೇಲೆ ಕೊಂಡದ್ದು ಕೈಗೆ ಬರುವ ಮೊದಲೇ ಆಟ ಮುಗಿದಿರುತ್ತದೆ. ಕಾಸು ಉಳಿದರೆ ಉಳಿಯಲಿ. ಖರ್ಚು ಮಾಡಲೇಬೇಕೆಂಬ ಚಪಲವೇ ನನ್ನ 31 ಎಲೆಯ ಗುಟ್ಟು.

ಸರದಿಯೊಳಗಿನ ಅನುಕ್ರಮ

ಎಲೆ ಎತ್ತಿಸುವ ಎಲೆಗಳು ಮೊದಲು: ಕಾರ್ವೆಟ್, ಸರ್ವೇ ಶಿಪ್, ಜೋಡಿ ಸಿಕ್ಕ ಬ್ಲಾಬ್ ಫೈಟರ್. ಬಂದದ್ದು ನೋಡಿಕೊಂಡು ಮುಂದಿನದು. ಇದೋ ಅದೋ ಆರಿಸಬೇಕಾದ ಎಲೆಗಳು, ಉದಾಹರಣೆಗೆ 3 ಕಾಸು ಅಥವಾ 5 ಏಟು ಕೊಡುವ ಪ್ಯಾಟ್ರೋಲ್ ಮೆಕ್, ಆಮೇಲೆ. ಸ್ಕ್ರ್ಯಾಪ್ ಮಾಡಿ ಬಲ ಪಡೆಯುವುದು ಕಟ್ಟಕಡೆಗೆ, ಏಕೆಂದರೆ ಅದನ್ನು ವಾಪಸು ಪಡೆಯುವಂತಿಲ್ಲ.

ಈ ಕೊನೆಯ ಮಾತು ಐದನೇ ಆಟದಲ್ಲಿ ಕಲಿತದ್ದು. ಮೂರನೇ ದಿನ ಸಂಜೆ, ಲಾಟೀನು ಹಚ್ಚಿತ್ತು. ಭಾವನಿಗೆ 12 ಅಥಾರಿಟಿ, ಮುಂದೆ ವಾರ್ ವರ್ಲ್ಡ್ ಎಂಬ ಔಟ್‌ಪೋಸ್ಟ್, ಬಲ 4. ನನಗೆ 16 ಏಟು ಬೇಕು. ಕೈಯಲ್ಲಿ ಬ್ಲಾಬ್ ಫೈಟರ್, ರ‍್ಯಾಮ್, ವೈಪರ್, ಎರಡು ಎಕ್ಸ್‌ಪ್ಲೋರರ್. ಫೈಟರ್ 3, ರ‍್ಯಾಮ್ 7, ವೈಪರ್ 1, ಎಕ್ಸ್‌ಪ್ಲೋರರ್ ಉರಿಸಿದರೆ ನಾಲ್ಕು. 15. ಫೈಟರಿನಿಂದ ಇನ್ನೊಂದು ಎಲೆ ಬರುವುದಿದೆ, ಒಂದೇ ಒಂದು ಏಟಿನದ್ದು ಬಂದರೂ ಸಾಕು. ಗೆದ್ದೇಬಿಟ್ಟೆ ಎಂದು ಎರಡೂ ಎಕ್ಸ್‌ಪ್ಲೋರರ್ ಮೊದಲೇ ಉರಿಸಿ, ಆಮೇಲೆ ಎಲೆ ಎತ್ತಿದೆ. ಸ್ಕೌಟ್. ಮೊದಲು ಎತ್ತಿ ನೋಡಿದ್ದರೆ ಈ ಸರದಿಗೆ ಮುಗಿಯುವುದಿಲ್ಲವೆಂದು ತಿಳಿದು, ಎಕ್ಸ್‌ಪ್ಲೋರರ್‌ಗಳನ್ನು ಉಳಿಸಿಕೊಳ್ಳುತ್ತಿದ್ದೆ.

ಭಾವ 1ರಲ್ಲಿ ಉಳಿದ. ಫೋನು ತನ್ನತ್ತ ಎಳೆದುಕೊಂಡು ಕಟರ್ ಇಳಿಸಿ 5ಕ್ಕೆ ಏರಿದ, "ಕವಳ ಹಾಕ್ತೀಯಾ?" ಅಂತ ಹರಿವಾಣ ನನ್ನ ಕಡೆ ಸರಿಸಿದ. ಮುಂದಿನ ನನ್ನ ಕೈಯಲ್ಲಿ ಬಂದದ್ದು ನಾಲ್ಕು ಸ್ಕೌಟು, ಒಂದು ವೈಪರು.